ಬಸುರಿಗೆ ಸರ್ಕಾರಿ ಕೆಂಪು ಮಾತ್ರೆಯೋ, ಮೆಡಿಕಲ್ ಅಂಗಡಿ ಸಿರಪ್ಪೋ?

ಕಲಬುರಗಿ ಕಡೆ ಬಸುರಿಯರು ತುಂಬಾ ಕೇಳುವ ಪ್ರಶ್ನೆ ಇದು. ಆಶಾ ಅಕ್ಕ ಕೊಡೋ ಕಬ್ಬಿಣದ ಕೆಂಪು ಮಾತ್ರೆ ಸಾಕಾ, ಇಲ್ಲ ದುಡ್ಡು ಕೊಟ್ಟು ಕಬ್ಬಿಣದ ಸಿರಪ್ ತರಬೇಕಾ?

ಪುಕ್ಕಟೆ ಸಿಗುತ್ತದೆ ಅಂತ ಮಾತ್ರೆಯ ತಾಕತ್ತು ಕಡಿಮೆಯೇನಲ್ಲ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಕೆಲವರಿಗೆ ವಾಕರಿಕೆ ಬರುತ್ತದೆ, ಮಲ ಗಟ್ಟಿಯಾಗುತ್ತದೆ, ಕಪ್ಪಗೂ ಆಗುತ್ತದೆ, ಅದನ್ನು ನೋಡಿ ಹೆದರಿ ಎಷ್ಟೋ ಜನ ಯಾರಿಗೂ ಹೇಳದೆ ಸುಮ್ನೆ ಬಿಟ್ಟುಬಿಡುತ್ತಾರೆ, ನನಗೆ ಸಂಕಟ ಆಗೋದು ಇಲ್ಲೇ. ಕಬ್ಬಿಣದ ಮಾತ್ರೆ ತಗೊಂಡರೆ ಮಲ ಕಪ್ಪಾಗುವುದು ಸಹಜ. ವಾಕರಿಕೆ ಜಾಸ್ತಿ ಇದ್ದರೆ ರಾತ್ರಿ ಊಟದ ನಂತರ ನುಂಗಿ ಮಲಗಿ.

ಸಿರಪ್ ಕುಡಿಯೋದು ಸುಲಭ, ನಿಜ. ಆದರೆ ಒಂದು ಚಮಚದಲ್ಲಿ ಎಷ್ಟು ಕಬ್ಬಿಣ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಡಾಕ್ಟರಿಗೆ ತೋರಿಸದೆ ಶುರು ಮಾಡಬೇಡಿ. ಹಲ್ಲಿಗೆ ಕಲೆಯೂ ಬೀಳಬಹುದು.

ನಾನಂತೂ ಕೆಂಪು ಮಾತ್ರೆಯಿಂದಲೇ ಶುರು ಮಾಡಿ ಅಂತೀನಿ. ಒಗ್ಗಲೇ ಇಲ್ಲ ಅಂದರೆ ಬಿಡುವ ಮೊದಲು ಡಾಕ್ಟರನ್ನು ಕೇಳಿ, ಬೇರೆ ಔಷಧಿ ಬರೆದುಕೊಡುತ್ತಾರೆ.

ಯಾವುದನ್ನೇ ತಗೊಳ್ಳಿ, ಚಹಾ ಜೊತೆ ಬೇಡ. ನಮ್ಮ ಕಡೆ ಊಟ ಆದ ಕೂಡಲೇ ಚಹಾ ಬೇಕೇ ಬೇಕು, ಅಲ್ವಾ? ಎರಡು ತಾಸು ತಡೆಯಿರಿ. ಕ್ಯಾಲ್ಸಿಯಂ ಮಾತ್ರೆಗೂ ಅಷ್ಟೇ ಅಂತರ ಇರಲಿ. ನಿಂಬೆಹಣ್ಣಿನ ನೀರು ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಪುಂಡಿಪಲ್ಯ, ತೊಗರಿಬೇಳೆ ತಿನ್ನಿ, ಆದರೆ ಅವು ಮಾತ್ರೆಯ ಬದಲಿಗಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಬಂದಿದ್ದರೆ ಮಾತ್ರೆ, ಸಿರಪ್ ಅಂತ ಕೂರಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.