ಮಣಿಪಾಲದಲ್ಲಿ ಬಾಡಿಗೆ ಮನೆ

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಗುವವರೆಗೆ ಬಹುಪಾಲು ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ ಇಂದು ವಿದ್ಯಾರ್ಥಿಯಲ್ಲದವರೂ ಬಾಡಿಗೆ ಮನೆ ಹಿಡಿದು ನೆಮ್ಮದಿಯಿಂದ ಇರಬಹುದು. ದೊಡ್ಡ ಆಸ್ಪತ್ರೆ ಊರೊಳಗೇ ಇದೆ. ಉಡುಪಿಗೆ ಸಿಟಿ ಬಸ್ಸುಗಳು ಒಂದರ ಹಿಂದೊಂದು ಸಿಗುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಇಲ್ಲಿಯ ಸಂಜೆ: ಗುಡ್ಡದ ತುದಿಯ ಎಂಡ್ ಪಾಯಿಂಟ್ ಉದ್ಯಾನದ ಅಂಚಿನಲ್ಲಿ ನಿಂತರೆ ಕೆಳಗೆ ತೆಂಗಿನ ತೋಟಗಳ ನಡುವೆ ಸ್ವರ್ಣಾ ನದಿ ಕಾಣುತ್ತದೆ, ಮರಳುವ ದಾರಿಯಲ್ಲಿ ಬಿಸಿ ಗೋಳಿಬಜೆಯೂ ಸಿಗುತ್ತದೆ, ಮೊಮೊ ಕೂಡ ಸಿಗುತ್ತದೆ, ಅದಕ್ಕಾಗಿ ಕಾದು ನಿಂತವರ ಮಾತಿನಲ್ಲಿ ತುಳು, ಕೊಂಕಣಿ, ಹಿಂದಿ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಬಾಡಿಗೆ ಮಾತ್ರ ಊರಿನ ಗಾತ್ರಕ್ಕೆ ಹೊಂದುವುದಿಲ್ಲ. ಮುಂಗಡವನ್ನಂತೂ ಚೌಕಾಸಿ ಮಾಡದೆ ಕೊಡಬೇಡಿ. ಮಳೆಗಾಲವಿಡೀ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕಾಲೇಜಿನ ರಜೆಯಲ್ಲಿ ಕೆಲವು ಮೆಸ್ಸುಗಳು ಬಾಗಿಲು ಹಾಕುವುದರಿಂದ ಅಡುಗೆಮನೆಯಿರುವ ಮನೆಯನ್ನೇ ಆರಿಸುವುದು ಒಳ್ಳೆಯದು.