ಕೇರಳದ ಆಲಪ್ಪುಳದ ಕಾಲುವೆಗೆ ಸರ್ಕಾರಿ ಬೋಟೋ, ಹೌಸ್‌ಬೋಟೋ?

ಕಲಬುರಗಿ, ಯಾದಗಿರಿಯಿಂದ ಕನ್ಯಾಕುಮಾರಿ ರೈಲು ಹತ್ತಿ ಕೊಟ್ಟಾಯಂನಲ್ಲಿ ಇಳಿಯುವವರು ಮೊದಲು ಸರ್ಕಾರಿ ಬೋಟನ್ನೇ ನೋಡ್ರಿ. ಕೋಡಿಮತ ಜೆಟ್ಟಿಯಿಂದ ಆಲಪ್ಪುಳಕ್ಕೆ ಸುಮಾರು ಎರಡೂವರೆ ತಾಸು, ಟಿಕೆಟ್ ನಮ್ಮ ಕೆಂಪು ಬಸ್ಸಿನಷ್ಟು ಅಗ್ಗ. ನೀರಿನ ಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನ ಭತ್ತದ ಗದ್ದೆಗಳು ದಾರಿಯುದ್ದಕ್ಕೂ ಕಾಣುತ್ತವೆ. ಇಷ್ಟು ದುಡ್ಡಿಗೆ ಇದಕ್ಕಿಂತ ಚಂದದ ಪಯಣವಿಲ್ಲ. ಕಾಲುವೆಯಲ್ಲಿ ಅಂತರಗಂಗೆ ಕಳೆ ಕಟ್ಟಿಕೊಂಡರೆ ಮಾತ್ರ ಬೋಟು ಕೋಡಿಮತಕ್ಕೆ ಬರದೆ ಕಾಂಜಿರಂ ಜೆಟ್ಟಿಯಿಂದಲೇ ಹೊರಡುತ್ತದೆ. ಜೆಟ್ಟಿಗೆ ಹೋಗುವ ಮುನ್ನ ವಿಚಾರಿಸಿ.

ಹೌಸ್‌ಬೋಟಿನಲ್ಲಿ ಊಟ, ಹಾಸಿಗೆ ಎಲ್ಲವೂ ಉಂಟು. ಆದರೆ ಸಂಜೆ ಐದೂವರೆ ಸುಮಾರಿಗೆ ಲಂಗರು ಹಾಕುತ್ತಾರೆ, ಯಾಕಂದರೆ ರಾತ್ರಿ ಮೀನುಗಾರರು ಬಲೆ ಬಿಡುತ್ತಾರೆ. ಅಗ್ಗದವುಗಳಲ್ಲಿ ಎಸಿ ರಾತ್ರಿ ಮಾತ್ರ ಓಡುತ್ತದೆ. ಮುಂಗಡ ಕೊಡುವ ಮೊದಲೇ ಕೇಳಿ. ಸಣ್ಣ ಕಾಲುವೆಯಲ್ಲಿ ಹೌಸ್‌ಬೋಟು ಹಿಡಿಸುವುದಿಲ್ಲ. ಅಲ್ಲಿಗೆ ಗಂಟೆ ಲೆಕ್ಕದ ಶಿಕಾರಾ (ಚಾವಣಿ ಇರುವ ಸಣ್ಣ ಮೋಟಾರು ದೋಣಿ), ಇಲ್ಲವೇ ಹುಟ್ಟು ಹಾಕುವ ದೋಣಿ. ವಯಸ್ಸಾದವರಿದ್ದರೆ ಶಿಕಾರಾ ವಾಸಿ.