ಸ್ವಂತ ಅಡಾಪ್ಟರ್ ಇರುವ ಏಳು ಪೋರ್ಟಿನ ಯುಎಸ್‌ಬಿ ಹಬ್: ಎರಡು ಮಳೆಗಾಲ ಬಳಸಿದ ಮೇಲೆ

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಯ ಮುಖ್ಯ ಡೆಸ್ಕ್‌ಟಾಪ್‌ಗೆ ಸ್ಕ್ಯಾನರ್, ಬಿಲ್ ಪ್ರಿಂಟರ್, ಬ್ಯಾಕಪ್‌ಗೆಂದು ಇಟ್ಟ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್, ಡಿಜಿಟಲ್ ಸಹಿಯ ಟೋಕನ್ ಇವೆಲ್ಲ ಸದಾ ಅಂಟಿಕೊಂಡೇ ಇರುತ್ತವೆ. ಗ್ರಾಹಕರಲ್ಲಿ ಹೆಚ್ಚಿನವರು ಉಡುಪಿ ಕಡೆಯ ಹೋಟೆಲ್‌ನವರು; ಪ್ರತಿ ತಿಂಗಳು 20ನೇ ತಾರೀಖಿನ ಜಿಎಸ್‌ಟಿಆರ್-3ಬಿ ಗಡುವು ಸಮೀಪಿಸಿದಾಗ “ಏನು ಮಾರಾಯ್ರೆ, ನಮ್ಮ ರಿಟರ್ನ್ ಹೋಯ್ತಾ?” ಎಂಬ ಫೋನುಗಳು ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲೇ ಯಂತ್ರವು ಒಮ್ಮೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುವುದು, ಇನ್ನೊಮ್ಮೆ ಮೌಸ್ ಕೂಡ ಅಲುಗಾಡದಂತೆ ನಿಂತುಬಿಡುವುದು ಶುರುವಾದ್ದರಿಂದ ಒಂದು ಪೋರ್ಟನ್ನು ಹಲವಾಗಿಸಿ, ಅವಕ್ಕೆ ತನ್ನ ಅಡಾಪ್ಟರ್‌ನಿಂದಲೇ ವಿದ್ಯುತ್ ಕೊಡುವ ಈ ಹಬ್ಬನ್ನು ಲ್ಯಾಮಿಂಗ್ಟನ್ ರಸ್ತೆಯಿಂದ ತರಿಸಿದೆವು.

ಇಂಥ ಹಬ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ನಮ್ಮ ಅನುಭವದಲ್ಲಿ ಆ ಮಾತು ಅರ್ಧ ಮಾತ್ರ ನಿಜವಾಯಿತು.

ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಕುಸಿತಕ್ಕೂ ಕರ್ನಲ್-ಪವರ್ 41 ಎಂಬ ದಾಖಲೆ ಇತ್ತು. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಚಾಲೂ ಆಯಿತು ಎನ್ನುವುದನ್ನು ಬಿಟ್ಟರೆ ಈ 41 ಏನನ್ನೂ ಹೇಳುವುದಿಲ್ಲ; ಪವರ್ ಸಪ್ಲೈ ಕೆಟ್ಟಿದೆ ಎಂದು ಅದನ್ನೇ ನಂಬಿ ಹೊಸದನ್ನು ಕೊಳ್ಳುವವರಿದ್ದಾರೆ. ನೋಡಬೇಕಾದದ್ದು ಅದರ ವಿವರಗಳೊಳಗಿನ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ಕಾರಣ ಸೂಚಿಸುವ ಸಂಖ್ಯೆ. ನಮ್ಮಲ್ಲಿ ಕೆಲವು ದಾಖಲೆಗಳಲ್ಲಿ ಅದು 0, ಮತ್ತೆ ಕೆಲವದರಲ್ಲಿ 159. ಸೊನ್ನೆ ಎಂದರೆ ವಿಂಡೋಸ್‌ಗೆ ದೋಷ ಬರೆದಿಡಲೂ ಅವಕಾಶ ಸಿಗಲಿಲ್ಲ ಎಂದರ್ಥ: ಕರೆಂಟ್ ಹೋಗಿರಬೇಕು, ಇಲ್ಲವೇ ನಿಂತುಹೋದ ಯಂತ್ರವನ್ನು ನಾವೇ ಬಟನ್ ಒತ್ತಿ ಆರಿಸಿರಬೇಕು. 159 ಎಂದರೆ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್, ಅಂದರೆ ಯಾವುದೋ ಸಾಧನದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ), ಮಲಗು ಅಥವಾ ಏಳು ಎಂಬ ಆದೇಶಕ್ಕೆ ವೇಳೆಗೆ ಉತ್ತರಿಸಲಿಲ್ಲ. ಹೊರಗಿನಿಂದ ಒಂದೇ ಕಾಯಿಲೆಯಂತೆ ಕಾಣುತ್ತಿದ್ದರೂ ಇದ್ದದ್ದು ಎರಡು.

ಕೀಬೋರ್ಡ್ ಮತ್ತು ಮೌಸ್ ಬಿಟ್ಟು ಎಲ್ಲವನ್ನೂ ಕಳಚಿದಾಗ ಯಂತ್ರ ಶಾಂತವಾಗಿತ್ತು. ಒಂದೊಂದನ್ನೇ ಮರಳಿ ಜೋಡಿಸಿ, ನಡುವೆ ದಿನಗಟ್ಟಲೆ ಬಿಟ್ಟು ನೋಡುವುದು ತಾಳ್ಮೆ ಬೇಡುವ ಕೆಲಸವಾದರೂ ಅದಕ್ಕೆ ಅಡ್ಡದಾರಿಯಿಲ್ಲ. ಹಾರ್ಡ್ ಡಿಸ್ಕನ್ನು ಕ್ಯಾಬಿನೆಟ್‌ನ ಮುಂಭಾಗದ ಪೋರ್ಟಿಗೆ ಹಾಕಿ ಬ್ಯಾಕಪ್ ಆರಂಭಿಸಿದರೆ ಒಳಗಿನಿಂದ ಟಿಕ್ ಎಂಬ ಸದ್ದು, ಹಿಂದೆಯೇ ಸಾಧನ ಕಳಚಿಕೊಂಡಾಗಿನ ವಿಂಡೋಸ್‌ನ ಧ್ವನಿ, ಮತ್ತೆ ಟಿಕ್. ಆಮೇಲೆ ಪರದೆ ಸ್ತಬ್ಧ. ಕೇಬಲ್ ಬದಲಿಸಿದರೂ ಅದೇ ಕಥೆ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ; ತಟ್ಟೆ ತಿರುಗಲು ತೊಡಗುವ ಕ್ಷಣದಲ್ಲಿ ಡಿಸ್ಕ್ ಎಳೆಯುವ ವಿದ್ಯುತ್ತು ಎಲ್ಲಕ್ಕಿಂತ ಹೆಚ್ಚು. ಸೊನ್ನೆಯ ಕುಸಿತಗಳ ಮೂಲ ಇದೇ. ಡಿಸ್ಕನ್ನು ಹಬ್ಬಿಗೆ ವರ್ಗಾಯಿಸಿದ ಮೇಲೆ ಆ ಟಿಕ್ ಸದ್ದು ಮತ್ತೆ ಕೇಳಿಲ್ಲ.

159ರ ವಿಷಯದಲ್ಲಿ ಹಬ್ ಏನೂ ಮಾಡಲಿಲ್ಲ. ಊಟದ ಹೊತ್ತಿಗೆ ಯಂತ್ರ ಸ್ಲೀಪ್‌ಗೆ ಹೋದಾಗ ಹಳೆಯ ಸ್ಕ್ಯಾನರ್‌ನ ಡ್ರೈವರ್ ಸಿಕ್ಕಿಕೊಳ್ಳುತ್ತಿತ್ತು ಎಂಬುದು ಕುಸಿತದ ಹೊತ್ತಿನ ಸ್ಥಿತಿಯನ್ನು ವಿಂಡೋಸ್ ಬರೆದಿಡುವ ಮಿನಿಡಂಪ್ ಫೈಲಿನಿಂದ ತಿಳಿಯಿತು. ಹೊಸ ಡ್ರೈವರ್ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಬಳಕೆಯಲ್ಲಿಲ್ಲದ ಸಾಧನಗಳನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿದ ಮೇಲೆಯೇ ನೀಲಿ ಪರದೆ ನಿಂತದ್ದು. ಇದಕ್ಕೆ ಖರ್ಚೇ ಇಲ್ಲದ್ದರಿಂದ, ಕೊಳ್ಳುವ ಮೊದಲೇ ಮಾಡಿ ನೋಡತಕ್ಕದ್ದು.

ಹಬ್ಬಿನ ಅಡಾಪ್ಟರ್ 12 ವೋಲ್ಟ್, 3 ಆಂಪಿಯರ್‌ನದು, ಎಂದರೆ 36 ವ್ಯಾಟ್. ಏಳೂ ಪೋರ್ಟುಗಳು 5 ವೋಲ್ಟ್‌ನಲ್ಲಿ ತಲಾ 900 ಮಿಲಿಆಂಪಿಯರ್ ಎಳೆದರೂ ಆಗುವುದು 31.5 ವ್ಯಾಟ್. ಇದೇ ಆಕಾರದ ಅಗ್ಗದ ಹಬ್ಬುಗಳ ಜೊತೆ ಬರುವ 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್‌ನಿಂದ ಎರಡು ಡಿಸ್ಕುಗಳನ್ನು ಸಾಕುವುದೇ ಕಷ್ಟ; ಡಬ್ಬಿಯ ಮೇಲೆ ಪೋರ್ಟುಗಳನ್ನು ಎಣಿಸುವ ಬದಲು ಅಡಾಪ್ಟರ್‌ನ ಚೀಟಿ ಓದುವುದು ಒಳ್ಳೆಯದು. ಬಿಲ್ ಪ್ರಿಂಟರ್‌ಗೆ ಅದರದೇ ವಿದ್ಯುತ್ ಇರುವುದರಿಂದ ಅದು ಲೆಕ್ಕಕ್ಕಿಲ್ಲ.

ಕೊರತೆಗಳೂ ಇವೆ. ಕಂಪ್ಯೂಟರ್ ಆರಿಸಿದ ಮೇಲೂ ಕೀಬೋರ್ಡಿನ ದೀಪ ಮಂದವಾಗಿ ಉರಿಯುತ್ತಿರುತ್ತದೆ. ಹಬ್ಬಿನ ವಿದ್ಯುತ್ತು ಹಿಮ್ಮುಖವಾಗಿ ಯಂತ್ರದೊಳಕ್ಕೆ ಹರಿಯುವುದರ ಲಕ್ಷಣವಿದು. ಒಳ್ಳೆಯ ವಿನ್ಯಾಸದ ಹಬ್ಬಿನಲ್ಲಿ ಹೀಗಾಗಬಾರದು. ನಾವು ಸಂಜೆ ಅಡಾಪ್ಟರ್‌ನ ಸ್ವಿಚ್ಚನ್ನೂ ಆರಿಸುತ್ತೇವೆ. ಡಿಸ್ಕಿನ ಪಕ್ಕದ ಪೋರ್ಟಿನಲ್ಲಿ ವೈರ್‌ಲೆಸ್ ಮೌಸಿನ ರಿಸೀವರ್ ಇಟ್ಟರೆ ಬಾಣ ತಡೆತಡೆದು ಚಲಿಸುತ್ತದೆ, ಯುಎಸ್‌ಬಿ 3.0 ಸಂಪರ್ಕಗಳು ಹೊಮ್ಮಿಸುವ ರೇಡಿಯೋ ಅಡಚಣೆ ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ವಲಯಕ್ಕೆ ತಾಕುವುದರಿಂದ ಇದು ಈ ಹಬ್ಬೊಂದರ ದೋಷವೇನಲ್ಲ. ಸಹಿಯ ಟೋಕನ್ ಮತ್ತು ರಿಸೀವರ್ ಎರಡನ್ನೂ ಹಿಂಭಾಗದ ಪೋರ್ಟುಗಳಿಗೇ ನೇರವಾಗಿ ಸಿಕ್ಕಿಸಿದ್ದೇವೆ.

ಎರಡನೆಯ ಮಳೆಗಾಲದಲ್ಲಿ ಅಡಾಪ್ಟರ್‌ನ ಪಿನ್ನಿಗೆ ಕಿಲುಬು ಹಿಡಿದು ಹಬ್ ಆಗಾಗ ಆರತೊಡಗಿತು. ಅದೇ ವೋಲ್ಟೇಜಿನ, ಪಿನ್ನಿನ ನಡುವಿನ ತುದಿ ಧನ (ಪ್ಲಸ್) ಆಗಿರುವ ಬೇರೆ ಅಡಾಪ್ಟರ್ ಹಾಕಿದ್ದೇವೆ. ಹಬ್ ಹಳೆಯದೇ, ಕೆಲಸ ಮಾಡುತ್ತಿದೆ.